ರಾಜೀವನ ಮೌನ, ನಮ್ಮ ಕಣ್ಣೀರು

ಕನ್ನಡಿಗರೆಲ್ಲರೂ ಒಪ್ಪಿ ಮೆಚ್ಚಿದ ಚಲನಚಿತ್ರ ಯಾವುದೆಂದು ಕೇಳಿದರೆ ‘ಬಂಗಾರದ ಮನುಷ್ಯ’ದ ಹೆಸರು ಥಟ್ಟನೆ ನಾಲಿಗೆಗೆ ಬರುತ್ತದೆ. ಎಲ್ಲರೂ ಅದನ್ನು ಒಂದೇ ಕಾರಣಕ್ಕೆ ಮೆಚ್ಚಿದ್ದಾರೆಯೆ, ಮೆಚ್ಚಿದವರಲ್ಲೂ ಎಷ್ಟು ಮಂದಿ ಒಳಗೊಳಗೇ ಅದರೊಡನೆ ವಾದಿಸುತ್ತಿದ್ದಾರೆ ಎಂಬುದನ್ನು ಮಾತ್ರ ನಾವು ವಿಚಾರಿಸಿದ್ದು ಕಡಿಮೆ. ಲಂಡನ್ ಮಹಾನಗರದ ಕನ್ನಡ ಮನೆಗಳಲ್ಲಿ ಈ ಚಿತ್ರ ಎಬ್ಬಿಸುವಷ್ಟು ಚರ್ಚೆಯನ್ನು ಬೇರೆ ಯಾವ ಕನ್ನಡ ಚಿತ್ರವೂ ಎಬ್ಬಿಸಿದ್ದನ್ನು ನಾನು ಕಂಡಿಲ್ಲ. ಹ್ಯಾರೋ, ಇಲ್ಫರ್ಡ್, ಕ್ರಾಯ್ಡನ್, ಹೌನ್‌ಸ್ಲೋ ಎಂದು ದಿಕ್ಕುದಿಕ್ಕಿಗೆ ಹಂಚಿಹೋಗಿರುವ ನಾವು ಯುಗಾದಿಗೋ ರಾಜ್ಯೋತ್ಸವಕ್ಕೋ ಒಂದೆಡೆ ಸೇರಿ, ಊಟ ಮುಗಿದು, ಮಾತು ಹಳೆಯ ಚಿತ್ರಗಳತ್ತ ಹೊರಳಿತೆಂದರೆ ಕಡೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಯ ಬಳಿ: ರಾಜೀವ ಮನೆ ಬಿಟ್ಟು ಹೋದದ್ದು ಸರಿಯೆ?

ಈ ಪ್ರಶ್ನೆಗೆ ಬರುವ ಉತ್ತರಗಳು ವಯಸ್ಸಿಗೊಂದು, ಅನುಭವಕ್ಕೊಂದು. ಆ ಭಿನ್ನಾಭಿಪ್ರಾಯಗಳು ಕೇವಲ ಅಭಿರುಚಿಯ ವಿಷಯವಲ್ಲ, ನಮ್ಮ ಮನೆಗಳ ಒಳಗಿನ ಲೆಕ್ಕಾಚಾರಕ್ಕೆ ಸಂಬಂಧಿಸಿದವು ಎಂಬುದು ನನ್ನ ನಂಬಿಕೆ. ಅದನ್ನು ಸಮ್ಮೇಳನದ ಪ್ರತಿನಿಧಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯನವರು ನಿರ್ದೇಶಿಸಿದ ಈ ಚಿತ್ರ ತೆರೆ ಕಂಡದ್ದು 1972ರ ಮಾರ್ಚ್ 31ರಂದು. ರಾಜಕುಮಾರ್, ಭಾರತಿ, ಬಾಲಕೃಷ್ಣ, ಶ್ರೀನಾಥ್, ವಜ್ರಮುನಿ ಮುಂತಾದವರ ಅಭಿನಯ, ಜಿ. ಕೆ. ವೆಂಕಟೇಶರ ಸಂಗೀತ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ (ಮುಂದೆ ಅದೇ ಭೂಮಿಕಾ ಆಯಿತು) ಎರಡು ವರ್ಷ ಓಡಿ ದಾಖಲೆ ನಿರ್ಮಿಸಿತು. ಚಿತ್ರ ನೋಡಿದ ವಿದ್ಯಾವಂತ ಯುವಕರು ಪಟ್ಟಣದ ನೌಕರಿ ಬಿಟ್ಟು ಹಳ್ಳಿಗೆ ಮರಳಿ ನೇಗಿಲು ಹಿಡಿದರೆಂಬ ಮಾತು ಇಂದಿಗೂ ಪ್ರಚಾರದಲ್ಲಿದೆ. ಎಷ್ಟು ಮಂದಿ ಮರಳಿದರೆಂದು ಯಾರೂ ಎಣಿಸಿಲ್ಲವಾದರೂ, ಒಂದು ಚಿತ್ರದ ಬಗ್ಗೆ ಜನ ಅಂಥ ಮಾತನ್ನು ನಂಬಿದರೆಂಬುದೇ ಅದರ ಪ್ರಭಾವಕ್ಕೆ ಸಾಕ್ಷಿ.

ಕಥೆ ಎಲ್ಲರಿಗೂ ತಿಳಿದದ್ದೇ. ಭಾವನನ್ನು ಕಳೆದುಕೊಂಡ ಅಕ್ಕನ ಸಂಸಾರಕ್ಕೆ ಆಸರೆಯಾಗಲು ರಾಜೀವ ಹಳ್ಳಿಯಲ್ಲಿ ನಿಲ್ಲುತ್ತಾನೆ. ಕಲ್ಲುಬಂಡೆಗಳ ಬರಡು ನೆಲವನ್ನು ಹಸನು ಮಾಡಿ ಹೊನ್ನು ಬೆಳೆಯುತ್ತಾನೆ. ಅಕ್ಕನ ಮಕ್ಕಳನ್ನು ಓದಿಸಿ ಮುಂದೆ ತರುತ್ತಾನೆ. ಮಡದಿ ಲಕ್ಷ್ಮಿಯನ್ನು ಕಳೆದುಕೊಳ್ಳುತ್ತಾನೆ. ಕೊನೆಗೆ, ತಾನೇ ಓದಿಸಿ ಬೆಳೆಸಿದ ಕೇಶವನಿಂದಲೇ ಆಪಾದನೆ ಕೇಳಬೇಕಾಗುತ್ತದೆ. ಮನೆತನದ ಮಾನ ಕಾಯುವ ಗುಟ್ಟೊಂದನ್ನು ಎದೆಯಲ್ಲಿಟ್ಟುಕೊಂಡ ರಾಜೀವ ಒಂದು ಮಾತನ್ನೂ ಎದುರಾಡದೆ ಹೊರಟುಬಿಡುತ್ತಾನೆ. ಮನೆಯವರು ಪಶ್ಚಾತ್ತಾಪ ಪಡುವ ಹೊತ್ತಿಗೆ ಅವನು ದೂರ ನಡೆದಿರುತ್ತಾನೆ.

ಈ ಕಡೆಯ ನಡಿಗೆಯನ್ನು ನೋಡಿ ಕಣ್ಣೊರೆಸಿಕೊಳ್ಳುವವರಲ್ಲಿ ಮೊದಲಿಗರು, ಅರವತ್ತು ಎಪ್ಪತ್ತರ ದಶಕಗಳಲ್ಲಿ ಇಲ್ಲಿಗೆ ಬಂದ ಹಿರಿಯರು. ಅವರಲ್ಲಿ ಬಹುಮಂದಿ ವೈದ್ಯರು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ರಾತ್ರಿ ಹಗಲೆನ್ನದೆ ದುಡಿದವರು. ಕೆಲವರು ಎಂಜಿನಿಯರುಗಳು, ಅಧ್ಯಾಪಕರು. ‘ಬಂಗಾರದ ಮನುಷ್ಯ’ ಬೆಂಗಳೂರಿನಲ್ಲಿ ತುಂಬಿದ ಗೃಹಗಳಲ್ಲಿ ಓಡುತ್ತಿದ್ದಾಗ ಇವರು ಚಳಿಯಲ್ಲಿ ಬಾಡಿಗೆ ಕೊಠಡಿಯ ಹೀಟರಿಗೆ ನಾಣ್ಯ ಹಾಕುತ್ತಿದ್ದರು. ಅಂದಿನ ಲಂಡನ್ನಿನಲ್ಲಿ ಭಾರತೀಯ ಚಿತ್ರವೆಂದರೆ ಹಿಂದಿ ಚಿತ್ರ. ಸೌತಾಲಿನ ಡೊಮಿನಿಯನ್, ಲಿಬರ್ಟಿ ಚಿತ್ರಮಂದಿರಗಳಿಗೆ ಪಂಜಾಬಿ ಕುಟುಂಬಗಳ ಜೊತೆ ನಮ್ಮವರೂ ಹೋಗಿ ಕುಳಿತು, ಅರೆಬರೆ ಅರ್ಥ ಮಾಡಿಕೊಂಡು ಬರುತ್ತಿದ್ದರು. ಭಾರತೀಯ ವಿದ್ಯಾಭವನದ ಲಂಡನ್ ಕೇಂದ್ರ ಆರಂಭವಾದದ್ದು ಅದೇ 1972ರಲ್ಲಿ. ಕನ್ನಡ ಬಳಗ ರೂಪುಗೊಂಡದ್ದು 1983ರಲ್ಲಿ. ಈ ನಡುವಣ ವರ್ಷಗಳಲ್ಲಿ ಕನ್ನಡ ಚಿತ್ರ ಕೈಗೆ ಸಿಕ್ಕಿದ್ದು ವಿಡಿಯೋ ಕ್ಯಾಸೆಟ್ಟು ಬಂದ ಮೇಲೆ. ಊರಿಗೆ ಹೋಗಿಬಂದವರ ಪೆಟ್ಟಿಗೆಯಲ್ಲಿ, ಹಪ್ಪಳ ಸಂಡಿಗೆ ಚಟ್ನಿಪುಡಿಗಳ ಮಧ್ಯೆ. ಒಂದೇ ಕ್ಯಾಸೆಟ್ಟು ಹತ್ತು ಮನೆ ಸುತ್ತಿ, ಕಡೆಯ ಮನೆಗೆ ಬರುವಾಗ ಬಣ್ಣವೆಲ್ಲ ಮಾಸಿ, ರಾಜಕುಮಾರರ ಮುಖದ ಮೇಲೆ ಮಳೆ ಸುರಿಯುತ್ತಿರುತ್ತಿತ್ತು. ಆ ಮಳೆಯ ನಡುವೆಯೂ ನೋಡಿದರು, ಅತ್ತರು. ಆ ಅಳುವಿನಲ್ಲಿ ಬಿಟ್ಟುಬಂದ ಹೊಲ ಇತ್ತು, ಕಡೆಗಾಲದಲ್ಲಿ ನೋಡಲಾಗದೆ ಹೋದ ತಾಯಿಯಿದ್ದಳು. ‘ತ್ಯಾಗವೆಂದರೆ ಇದು’ ಎಂದು ಅವರು ಹೇಳುವಾಗ ಅವರ ಧ್ವನಿಯಲ್ಲಿ ಸಂಶಯದ ಎಳೆಯೂ ಇರುವುದಿಲ್ಲ.

ಎರಡನೆಯ ಗುಂಪಿನವರು ಅದೇ ಪೀಳಿಗೆಯವರಾದರೂ ನವ್ಯದ ಗಾಳಿ ಕುಡಿದವರು. ಇವರ ಮೆಚ್ಚುಗೆ 1970ರ ‘ಸಂಸ್ಕಾರ’ಕ್ಕೆ, ಅದರ ಬೆನ್ನಿಗೇ ಬಂದ ‘ವಂಶವೃಕ್ಷ’ಕ್ಕೆ. ಅನಂತಮೂರ್ತಿಯವರು ‘ಸಂಸ್ಕಾರ’ ಕಾದಂಬರಿಯನ್ನು ಬರೆದದ್ದು ಇದೇ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಎಂಬುದನ್ನು ಇವರು ಹೆಮ್ಮೆಯಿಂದ ನೆನೆಯುತ್ತಾರೆ. ಹೊರನಾಡಿನಲ್ಲಿ ಕುಳಿತು ತಾಯ್ನಾಡಿನ ಬಗ್ಗೆ ಕಣ್ಣೀರಿಡುವ ಬದಲು ಪ್ರಶ್ನೆ ಕೇಳುವುದೂ ಸಾಧ್ಯ ಎಂಬುದಕ್ಕೆ ಅದೇ ನಿದರ್ಶನ ಎನ್ನುತ್ತಾರೆ. ‘ಬಂಗಾರದ ಮನುಷ್ಯ’ದ ಮೇಲೆ ಇವರ ಆಕ್ಷೇಪ ಎರಡು. ಮೊದಲನೆಯದು, ಪ್ರೇಕ್ಷಕನಿಗೆ ಯೋಚಿಸಲು ಬಿಡುವು ಕೊಡದೆ ಅಳಿಸುತ್ತದೆ ಎಂಬುದು. ಎರಡನೆಯದು ಹೆಚ್ಚು ಗಂಭೀರವಾದದ್ದು. ದೇವರಾಜ ಅರಸರು ಮುಖ್ಯಮಂತ್ರಿಯಾದದ್ದು 1972ರ ಮಾರ್ಚ್ 20ರಂದು, ಚಿತ್ರ ಬಿಡುಗಡೆಗೆ ಹನ್ನೊಂದು ದಿನ ಮುಂಚೆ. ಅವರ ಸರ್ಕಾರ ತಂದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಲಕ್ಷಾಂತರ ಗೇಣಿದಾರರ ಬದುಕನ್ನು ಬದಲಿಸಿತು. ನೆಲದ ಸಮಸ್ಯೆ ಒಬ್ಬ ಒಳ್ಳೆಯ ಮನುಷ್ಯನ ಬೆವರಿನಿಂದ ಬಗೆಹರಿಯುವಂಥದಲ್ಲ, ಕಾನೂನಿನಿಂದ ಬಗೆಹರಿಯಬೇಕಾದದ್ದು. ಚಿತ್ರ ಆ ಪ್ರಶ್ನೆಯನ್ನೇ ಎತ್ತುವುದಿಲ್ಲ ಎಂಬುದು ಇವರ ವಾದ. ಈ ಮಾತಿನಲ್ಲಿ ಹುರುಳಿದೆ. ಆದರೆ ಕಾನೂನು ನೆಲವನ್ನು ಕೊಡಬಲ್ಲುದೇ ಹೊರತು ಬಂಡೆ ಒಡೆಯುವ ಛಲವನ್ನು ಕೊಡಲಾರದು. ಚಿತ್ರ ಮಾತಾಡಿದ್ದು ಆ ಛಲದ ಬಗ್ಗೆ. ಒಂದು ಕೃತಿ ಹೇಳದೆ ಬಿಟ್ಟದ್ದಕ್ಕೆ ಅದು ಹೇಳಿದ್ದನ್ನು ತಳ್ಳಿಹಾಕುವುದು ನ್ಯಾಯವಲ್ಲ.

ಮೂರನೆಯವರು 2000ದ ಆಸುಪಾಸಿನಿಂದ ಈಚೆಗೆ ಗಣಕತಂತ್ರಜ್ಞಾನದ ಕೆಲಸಕ್ಕೆ ಬಂದವರು. ಇವರಿಗೆ ಕನ್ನಡ ಚಿತ್ರ ನೋಡಲು ಪೆಟ್ಟಿಗೆಯ ಕ್ಯಾಸೆಟ್ಟು ಬೇಕಾಗಲಿಲ್ಲ. 2022ರಲ್ಲಿ ‘ಕಾಂತಾರ’ ಇಲ್ಲಿನ ಚಿತ್ರಮಂದಿರಗಳಿಗೇ ಬಂದಿತು. ‘ಬಂಗಾರದ ಮನುಷ್ಯ’ವನ್ನು ಇವರು ಅಪ್ಪ ಅಮ್ಮಂದಿರ ಕಾಲದ ಚಿತ್ರವೆಂದು ಗೌರವಿಸುತ್ತಾರೆ, ಸ್ವಲ್ಪ ನಗುತ್ತಾರೆ: ‘ಅತಿಯಾಯಿತು ಸಾರ್, ಇಷ್ಟು ಒಳ್ಳೆಯವರು ಎಲ್ಲಿರುತ್ತಾರೆ?’ ನಾನು ಅವರಿಗೆ ಮರುಪ್ರಶ್ನೆ ಹಾಕುವುದುಂಟು. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ಯನ್ನು ನೀವು ಎಷ್ಟು ಸಲ ನೋಡಿದಿರಿ? ಅದರ ಪ್ರೀತಮ್ ಕೊನೆಯಲ್ಲಿ ಮಾಡುವುದೇನು? ತನ್ನ ಪ್ರೀತಿಯನ್ನು ಬಿಟ್ಟುಕೊಟ್ಟು, ನಿಜವನ್ನು ಎದೆಯಲ್ಲೇ ಇಟ್ಟುಕೊಂಡು ಹೊರಟುಹೋಗುತ್ತಾನೆ. ಮೂವತ್ತನಾಲ್ಕು ವರ್ಷಗಳ ಅಂತರದಲ್ಲಿ ಪಂಚೆ ಹೋಗಿ ಜೀನ್ಸ್ ಬಂದಿತು. ಬಿಟ್ಟುಕೊಟ್ಟು ಮೌನವಾಗಿ ಹೊರಡುವವನೇ ನಾಯಕ ಎಂಬ ನಂಬಿಕೆ ಕದಲಲಿಲ್ಲ. ಹರಿಶ್ಚಂದ್ರನ ಕಥೆಯನ್ನು ರಾಘವಾಂಕನಿಂದ ಕೇಳಿಕೊಂಡು ಬಂದ ನಾಡು ನಮ್ಮದು. ಕರುಣ ರಸವೊಂದೇ ಮೂಲರಸವೆಂದು ಭವಭೂತಿ ಸಾರಿದ್ದನ್ನು ನಮ್ಮ ಪ್ರೇಕ್ಷಕರು ಓದದೆಯೇ ಒಪ್ಪಿಕೊಂಡವರು.

ನಾಲ್ಕನೆಯ ಅಭಿಪ್ರಾಯ ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳದು, ಮೊಮ್ಮಕ್ಕಳದು. ಇವರನ್ನು ಚಿತ್ರದ ಮುಂದೆ ಕೂರಿಸುವುದೇ ಒಂದು ಸಾಹಸ. ಕುಳಿತ ಮೇಲೆ ಮಾತ್ರ ಇವರು ನಮ್ಮೆಲ್ಲರಿಗಿಂತ ಗಮನವಿಟ್ಟು ನೋಡುತ್ತಾರೆ. ಏಕೆಂದರೆ ಇವರಿಗೆ ಕೊನೆ ಏನೆಂದು ಮೊದಲೇ ತಿಳಿದಿರುವುದಿಲ್ಲ. ಒಮ್ಮೆ ಹ್ಯಾರೋ ಪ್ರದೇಶದ ಹತ್ತಾರು ಕುಟುಂಬಗಳು ಒಂದು ಸಭಾಂಗಣದಲ್ಲಿ ಸೇರಿ ಈ ಚಿತ್ರವನ್ನು ನೋಡಿದೆವು. ದೀಪ ಹತ್ತಿದಾಗ ಹಿರಿಯರೆಲ್ಲ ಕರವಸ್ತ್ರ ಹುಡುಕುತ್ತಿದ್ದರೆ, ಹದಿನಾರು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: ‘ಅವನು ಯಾಕೆ ಬಾಯಿಬಿಟ್ಟು ಹೇಳಲಿಲ್ಲ?’ ಯಾರೋ ‘ಅದು ಅವನ ದೊಡ್ಡತನ’ ಎಂದರು. ಅವಳು ಬಿಡಲಿಲ್ಲ. ‘ಕನ್ನಡ ತರಗತಿಯಲ್ಲಿ ನಮಗೆ ಪುಣ್ಯಕೋಟಿಯ ಕಥೆ ಹೇಳಿಕೊಟ್ಟಿದ್ದೀರಿ. ಪುಣ್ಯಕೋಟಿ ಹುಲಿಯ ಹತ್ತಿರ ಮಾತಾಡಿತು. ಕರುವಿನ ಹತ್ತಿರ ಮಾತಾಡಿತು. ಎಲ್ಲರಿಗೂ ನಿಜ ಹೇಳಿಯೇ ಹೋಯಿತು. ಅದಕ್ಕೇ ಹುಲಿಯ ಮನಸ್ಸು ಬದಲಾದದ್ದು. ರಾಜೀವ ಹೇಳದೆ ಹೋದರೆ ಕೇಶವ ಬದಲಾಗುವುದು ಹೇಗೆ?’

ಸಭೆ ಒಂದು ಕ್ಷಣ ಸ್ತಬ್ಧವಾಯಿತು. ನಮ್ಮ ಗೋವಿನ ಹಾಡನ್ನೇ ನಮಗೆ ತಿರುಗಿಸಿ ಕೇಳಿದ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳುವವರು ಯಾರೂ ಇರಲಿಲ್ಲ. ಅವಳ ಪಕ್ಕದಲ್ಲಿದ್ದ ಇನ್ನೊಬ್ಬಳು ಲಕ್ಷ್ಮಿಯ ವಿಷಯ ತೆಗೆದಳು: ಅವಳ ಸಾವು ಅವಳ ದುಃಖವಾಗಿ ಉಳಿಯದೆ ರಾಜೀವನ ತ್ಯಾಗಕ್ಕೆ ತೊಡಿಸಿದ ಒಡವೆಯಾಯಿತಲ್ಲ ಎಂದು. ಈ ಮಕ್ಕಳಿಗೆ ಸಂಸ್ಕಾರವಿಲ್ಲ, ಭಾವನೆಯಿಲ್ಲ ಎಂದು ಆ ರಾತ್ರಿ ಕೆಲವರು ಗೊಣಗಿಕೊಂಡು ಹೋದರು. ಸಂಸ್ಕಾರವಿದ್ದುದರಿಂದಲೇ ಆ ಪ್ರಶ್ನೆ ಬಂದದ್ದು ಎಂಬುದು ನನ್ನ ಅಭಿಪ್ರಾಯ.

ಇದು ನಮ್ಮವರಿಗೆ ಮಾತ್ರ ಬಂದ ಫಜೀತಿಯಲ್ಲ. ಈ ದೇಶದವರು ತಮ್ಮ ಹೃದಯಕ್ಕೆ ಹತ್ತಿರವೆಂದು ಎಣಿಸುವ ಚಿತ್ರಗಳಲ್ಲಿ ಡೇವಿಡ್ ಲೀನ್ ನಿರ್ದೇಶಿಸಿದ ‘ಬ್ರೀಫ್ ಎನ್‌ಕೌಂಟರ್’ (1945) ಒಂದು. ವಿವಾಹಿತ ಗೃಹಿಣಿಯೊಬ್ಬಳು, ವಿವಾಹಿತ ವೈದ್ಯನೊಬ್ಬ ರೈಲು ನಿಲ್ದಾಣದಲ್ಲಿ ಭೇಟಿಯಾಗಿ, ಒಬ್ಬರನ್ನೊಬ್ಬರು ಪ್ರೀತಿಸಿ, ಮನೆಮಂದಿಗಾಗಿ ಆ ಪ್ರೀತಿಯನ್ನು ತೊರೆದು, ಯಾರಿಗೂ ಏನನ್ನೂ ಹೇಳದೆ ಹಿಂದಿರುಗುವ ಕಥೆ. ರೋಚೆಸ್ಟರಿನಲ್ಲಿ ನಡೆದ ಮುನ್ನೋಟ ಪ್ರದರ್ಶನದಲ್ಲಿ ಪ್ರೇಕ್ಷಕರು ನಕ್ಕುಬಿಟ್ಟಿದ್ದರೆಂದು ಲೀನ್ ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಅದೇ ಚಿತ್ರವನ್ನು 1999ರಲ್ಲಿ ಬ್ರಿಟಿಷ್ ಚಲನಚಿತ್ರ ಸಂಸ್ಥೆ ನಡೆಸಿದ ಸಮೀಕ್ಷೆ ಈ ದೇಶದ ಶ್ರೇಷ್ಠ ಚಿತ್ರಗಳ ಸಾಲಿನಲ್ಲಿ ಎರಡನೆಯ ಸ್ಥಾನಕ್ಕೇರಿಸಿತು. ಒಬ್ಬರಿಗೆ ಸಂಯಮವಾಗಿ ಕಂಡದ್ದು ಇನ್ನೊಬ್ಬರಿಗೆ ಹಾಸ್ಯವಾಗಿ, ಮತ್ತೊಬ್ಬರಿಗೆ ಅನ್ಯಾಯವಾಗಿ ಕಾಣುತ್ತದೆ. ಹೇಳದೆ ಬಿಟ್ಟುಕೊಡುವುದನ್ನು ಹಿರಿಮೆಯೆಂದು ಬಗೆದ ಜನ ಟೆಂಗಿನ ನಾಡಿನಲ್ಲೂ ಇದ್ದರು, ಥೇಮ್ಸ್ ದಂಡೆಯಲ್ಲೂ ಇದ್ದರು. ಅವರನ್ನು ಪ್ರಶ್ನಿಸುವ ಮಕ್ಕಳು ಎರಡೂ ಕಡೆ ಹುಟ್ಟಿದ್ದಾರೆ.

ಹಾಗಾದರೆ ಈ ವಾದದಲ್ಲಿ ನಿಮ್ಮ ನಿಲುವೇನು ಎಂದು ವಾಚಕರು ಕೇಳಬಹುದು. ಚಿತ್ರ ನೋಡಿ ಅಳುವುದು ದೌರ್ಬಲ್ಯವೆಂದು ನಾನು ಒಪ್ಪುವುದಿಲ್ಲ. ಆದರೆ ಯಾರಿಗಾಗಿ ಅಳುತ್ತಿದ್ದೇವೆ, ಯಾರ ಜಾಗದಲ್ಲಿ ಕುಳಿತು ಅಳುತ್ತಿದ್ದೇವೆ ಎಂಬುದನ್ನು ವಿಚಾರಿಸಬೇಕು. ಚಿತ್ರಮಂದಿರದ ಕತ್ತಲಲ್ಲಿ ಪ್ರತಿಯೊಬ್ಬನೂ ರಾಜೀವನೇ. ನಾವೂ ಹಾಗೆಯೇ ತಿಳಿದಿದ್ದೇವೆ: ಮನೆ ಬಿಟ್ಟು ಬಂದೆವು, ಕಷ್ಟಪಟ್ಟೆವು, ಊರಿಗೆ ಹಣ ಕಳಿಸಿದೆವು, ಯಾರೂ ನಮ್ಮನ್ನು ಅರ್ಥ ಮಾಡಿಕೊಳ್ಳಲಿಲ್ಲ ಎಂದು. ಕಥೆಯನ್ನು ನಿಧಾನವಾಗಿ ಓದಿದರೆ ನಮ್ಮ ಜಾಗ ಬೇರೆ ಕಡೆ ಇದೆ. ಬಂಡೆ ಒಡೆದು ನೆಲ ಹಸನು ಮಾಡಿದವನು ರಾಜೀವ. ಆ ನೆಲದ ದುಡಿಮೆಯಿಂದ ಓದಿ, ವಿದ್ಯಾವಂತನಾಗಿ, ನಂತರ ಲೆಕ್ಕ ಕೇಳಿದವನು ಕೇಶವ. ನಮ್ಮಲ್ಲಿ ಬಹುಮಂದಿಯನ್ನು ವೈದ್ಯಕೀಯಕ್ಕೆ, ಎಂಜಿನಿಯರಿಂಗಿಗೆ ಕಳಿಸಿದ್ದು ಯಾವ ತೋಟದ ಅಡಿಕೆ, ಯಾವ ಗದ್ದೆಯ ಭತ್ತ, ಯಾರ ಕೈಬಳೆ ಎಂಬುದನ್ನು ನೆನೆಸಿಕೊಂಡರೆ ಸಾಕು. ಊರಲ್ಲಿ ಉಳಿದು, ಅಪ್ಪ ಅಮ್ಮನ ಔಷಧಿ ಪಥ್ಯ ನೋಡಿಕೊಂಡು, ಬೋರ್‌ವೆಲ್ ಬತ್ತಿದಾಗ ರಾತ್ರಿಯಿಡೀ ಎದ್ದು ಕುಳಿತ ಅಣ್ಣನೋ ತಮ್ಮನೋ ಅಕ್ಕನೋ ನಮ್ಮ ಕಥೆಯ ರಾಜೀವ. ನಾವು ಲಂಡನ್ನಿನ ಸೋಫಾದ ಮೇಲೆ ಕುಳಿತು ರಾಜೀವನಿಗಾಗಿ ಅಳುವ ಕೇಶವರು.

ಈ ಮಾತು ಕಟುವಾಯಿತೆಂದು ಅನ್ನಿಸಬಹುದು. ಆ ದಿನ ಹ್ಯಾರೋದಲ್ಲಿ ಎಪ್ಪತ್ತು ದಾಟಿದ ನಿವೃತ್ತ ವೈದ್ಯರೊಬ್ಬರು ಹುಡುಗಿಯ ಪ್ರಶ್ನೆಯ ನಂತರ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದ ಮಾತು ಇದು: ‘ನಮ್ಮ ತೋಟ ಭಾಗವಾದಾಗ ಕಾನೂನಿನ ಪ್ರಕಾರ ಅರ್ಧ ನನ್ನ ಹೆಸರಿಗೆ ಬಂತು. ಪಹಣಿಯಲ್ಲಿ ನನ್ನ ಹೆಸರು ನೋಡಿ ಸಂತೋಷಪಟ್ಟೆ. ನಲವತ್ತು ವರ್ಷ ಆ ತೋಟಕ್ಕೆ ನೀರು ಕಟ್ಟಿದವನು ಅಣ್ಣ. ಅವನು ಒಂದು ಮಾತು ಆಡಲಿಲ್ಲ. ರುಜು ಹಾಕಿ, ಊಟ ಮಾಡಿಕೊಂಡು ಹೋಗು ಅಂದ. ಬೈದಿದ್ದರೆ ಚೆನ್ನಾಗಿತ್ತು.’ ಅವರ ಮೊಮ್ಮಗಳು ಪಕ್ಕದಲ್ಲೇ ಕುಳಿತಿದ್ದಳು. ‘ತಾತ, ನೀವು ದೊಡ್ಡ ತಾತನನ್ನು ಏನಾದರೂ ಕೇಳಿದಿರಾ?’ ಎಂದಳು. ಅವರು ಇಲ್ಲವೆಂದು ತಲೆಯಾಡಿಸಿದರು.

ಇಡೀ ಚರ್ಚೆಯ ತಿರುಳು ಆ ಒಂದು ಪ್ರಶ್ನೆಯಲ್ಲಿದೆ ಎಂದು ನನಗೆ ತೋರುತ್ತದೆ. ರಾಜೀವ ಏಕೆ ಹೇಳಲಿಲ್ಲ ಎಂದು ಮಕ್ಕಳು ಕೇಳುತ್ತಾರೆ. ಅವನ ಮೌನಕ್ಕೂ ಒಂದು ಅರ್ಥವಿದೆ ಎಂಬುದನ್ನು ಅವರಿಗೆ ನಾವು ತಿಳಿಸಿಕೊಡಬೇಕು. ಮಾಡಿದ್ದನ್ನು ಆಡಿ ತೋರಿಸಿದರೆ ಅದು ಉಪಕಾರದ ಲೆಕ್ಕವಾಗುತ್ತದೆ, ಋಣದ ಪಟ್ಟಿಯಾಗುತ್ತದೆ ಎಂಬ ಭಯದಿಂದ ಬಾಯಿ ಕಟ್ಟಿಕೊಂಡ ಜನರಿದ್ದಾರೆ. ಅವರ ಮೌನ ಹೇಡಿತನವಲ್ಲ, ಬಾಂಧವ್ಯಕ್ಕೆ ಬೆಲೆ ಕಟ್ಟಬಾರದೆಂಬ ಮರ್ಯಾದೆ. ‘ಋಣ’ ಎಂಬ ಶಬ್ದಕ್ಕೆ ಇಂಗ್ಲಿಷಿನಲ್ಲಿ ಸಾಲವೆಂಬ ಅರ್ಥದ ಪದ ಹಾಕಿ ಅಡಿಬರಹ ಬರೆದರೆ ಈ ಮರ್ಯಾದೆ ಮಾಯವಾಗುತ್ತದೆ. ಆ ಕೆಲಸವನ್ನು ಅಡಿಬರಹಕ್ಕೆ ಬಿಡದೆ ಅಪ್ಪ ಅಮ್ಮಂದಿರೇ ಮಾಡಬೇಕು.

ಹಿರಿಯರಿಗೆ ಮಕ್ಕಳ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಬೇಕಾಗಿದೆ: ಕೇಶವ ಏಕೆ ವಿಚಾರಿಸಲಿಲ್ಲ? ಆಪಾದನೆಗೆ ಮುಂಚೆ ಒಂದು ಸಲ ‘ಮಾವ, ಇದೇನು?’ ಎಂದು ಮೆತ್ತಗೆ ಕೇಳಿದ್ದರೆ ಕಥೆ ಬೇರೆಯಾಗುತ್ತಿತ್ತು. ಹೇಳಲೊಲ್ಲದವನ ಮೌನಕ್ಕಿಂತ ಕೇಳಲೊಲ್ಲದವನ ಮೌನ ಹೆಚ್ಚು ದೊಡ್ಡ ತಪ್ಪು. ಚಿತ್ರವೂ ಇದನ್ನು ಬಲ್ಲುದು. ರಾಜೀವನ ನಿರ್ಗಮನವನ್ನು ಅದು ಗೆಲುವೆಂದು ತೋರಿಸುವುದಿಲ್ಲ. ಅವನಿಲ್ಲದ ಮನೆ ಬರಿದಾಗುತ್ತದೆ, ಕ್ಷಮೆ ಕೇಳಲೂ ಎದುರಿಗೆ ಯಾರೂ ಇಲ್ಲದವರಾಗುತ್ತಾರೆ ಕೇಶವನ ಮನೆಯವರು. ತ್ಯಾಗವನ್ನು ಕೊಂಡಾಡಿದ ಚಿತ್ರವೆಂದು ಹೊಗಳುವವರೂ ತೆಗಳುವವರೂ ಈ ಬರಿದಾದ ಮನೆಯನ್ನು ಸರಿಯಾಗಿ ನೋಡಿಲ್ಲ.

ನಮ್ಮ ದೂರವಾಣಿ ಸಂಭಾಷಣೆಗಳನ್ನು ಒಮ್ಮೆ ನೆನೆಯಿರಿ. ವಾರಕ್ಕೊಮ್ಮೆ ಊರಿಗೆ ಮಾತಾಡುತ್ತೇವೆ. ಈಗಂತೂ ಮುಖ ನೋಡಿಕೊಂಡೇ ಮಾತಾಡಬಹುದು. ‘ಎಲ್ಲಾ ಚೆನ್ನಾಗಿದೆಯಾ?’ ‘ಎಲ್ಲಾ ಚೆನ್ನಾಗಿದೆ.’ ಅಲ್ಲಿ ಅಣ್ಣನಿಗೆ ಶಸ್ತ್ರಚಿಕಿತ್ಸೆಯಾಗಿರುತ್ತದೆ, ಇಲ್ಲಿ ತಮ್ಮನ ಕೆಲಸ ಹೋಗಿರುತ್ತದೆ. ಎರಡೂ ಕಡೆಯವರು ರಾಜೀವನ ವ್ರತ ಹಿಡಿದಿರುತ್ತಾರೆ. ಹತ್ತು ವರ್ಷ ಹೀಗೆ ಚೆನ್ನಾಗಿದ್ದವರು, ಅಪ್ಪನ ವೈಕುಂಠ ಸಮಾರಾಧನೆ ಮುಗಿದ ಮರುದಿನ ಪಾಲುಪಟ್ಟಿಯ ಮುಂದೆ ಕುಳಿತು ಪರಕೀಯರಾಗುತ್ತಾರೆ. ನ್ಯಾಯಾಲಯದ ಮೆಟ್ಟಿಲೇರಿದ ಹೊರನಾಡಿಗರ ಆಸ್ತಿ ವ್ಯಾಜ್ಯಗಳಲ್ಲಿ ಎಷ್ಟೋ ಈ ಮೌನದಿಂದ ಹುಟ್ಟಿದವು ಎಂದರೆ ಅತಿಶಯೋಕ್ತಿಯಾಗಲಾರದು.

ಆದ್ದರಿಂದ ಸಮ್ಮೇಳನಗಳನ್ನು ನಡೆಸುವವರಲ್ಲಿ ನನ್ನದೊಂದು ವಿನಂತಿ. ಎರಡು ವರ್ಷಗಳಿಗೊಮ್ಮೆ ನಾವು ಸೇರುತ್ತೇವೆ. ತಾರೆಯರು ಬರುತ್ತಾರೆ, ಹಾಡುತ್ತಾರೆ, ಅವರೊಡನೆ ಭಾವಚಿತ್ರ ತೆಗೆಸಿಕೊಳ್ಳುತ್ತೇವೆ. ಅದೆಲ್ಲ ಇರಲಿ, ಅದೂ ಹಬ್ಬದ ಭಾಗವೇ. ಅದರ ಜೊತೆಗೆ ಒಂದು ಮಧ್ಯಾಹ್ನವನ್ನು ಒಂದು ಹಳೆಯ ಜನಪ್ರಿಯ ಚಿತ್ರಕ್ಕೆ ಮೀಸಲಿಡಿ. ಒಳ್ಳೆಯ ಅಡಿಬರಹವಿರುವ ಪ್ರತಿಯನ್ನು ಹುಡುಕಿ, ಅಜ್ಜ ಅಜ್ಜಿಯರನ್ನೂ ಮೊಮ್ಮಕ್ಕಳನ್ನೂ ಒಟ್ಟಿಗೆ ಕೂರಿಸಿ. ಚಿತ್ರ ಮುಗಿದ ಕೂಡಲೇ ಊಟದ ಘೋಷಣೆ ಮಾಡದೆ ಒಂದು ಗಂಟೆ ಮಾತಿಗೆ ಬಿಡಿ. ಮೊದಲು ಚಿಕ್ಕವರು ಮಾತಾಡಲಿ, ಆಮೇಲೆ ಹಿರಿಯರು. ಭಾಷಣಕಾರರು ಬೇಡ. ‘ಬಂಗಾರದ ಮನುಷ್ಯ’ ಚೆನ್ನಾಗಿದೆಯೆ ಇಲ್ಲವೆ ಎಂಬ ತೀರ್ಪು ಅಲ್ಲಿ ಹೊರಡಬೇಕಾಗಿಲ್ಲ. ಐವತ್ತು ವರ್ಷ ದಾಟಿದ ಚಿತ್ರಕ್ಕೆ ನಮ್ಮ ಪ್ರಮಾಣಪತ್ರ ಬೇಕಿಲ್ಲ. ತಾತ ಏಕೆ ಅಳುತ್ತಾರೆಂದು ಮೊಮ್ಮಗಳಿಗೂ, ಮೊಮ್ಮಗಳು ಏಕೆ ಸಿಟ್ಟಾಗುತ್ತಾಳೆಂದು ತಾತನಿಗೂ ತಿಳಿದರೆ ಸಾಕು.

ಆ ಮಾತುಕತೆಯ ನಂತರ ಊರಿಗೆ ಫೋನು ಮಾಡುವವರು ‘ಎಲ್ಲಾ ಚೆನ್ನಾಗಿದೆಯಾ?’ ಎಂದು ಕೇಳಿ ನಿಲ್ಲಿಸದೆ, ‘ಅಣ್ಣ, ನಿನಗೆ ನನ್ನ ಮೇಲೆ ಏನಾದರೂ ಬೇಸರವಿದೆಯೆ?’ ಎಂದು ಇನ್ನೊಂದು ಮಾತು ಕೇಳಲಿ. ಉತ್ತರ ಬರಲು ತಡವಾಗಬಹುದು; ಫೋನು ಹಿಡಿದು ಕಾಯೋಣ.